ಊರಿನವರು, ನಮ್ಮವರು

ಮುಂಬಯಿ ಬಳಿಯ ಡೊಂಬಿವಲಿಯ ನಗರಪಾಲಿಕೆ ಚುನಾವಣೆಗೆ ನನ್ನ ಹಳೆಯ ಸಹೋದ್ಯೋಗಿ ನಿಂತಿದ್ದಳು. ಪ್ರಚಾರಕ್ಕೆಂದು ನಾನೂ ಅವಳೊಂದಿಗೆ ಮನೆಮನೆಗೆ ಹೋಗುತ್ತಿದ್ದೆ. ಸಂಕ್ರಾಂತಿಯ ಅರಿಶಿನ-ಕುಂಕುಮದ ದಿನಗಳಾದ್ದರಿಂದ ಬಾಗಿಲುಗಳು ಸುಲಭವಾಗಿ ತೆರೆಯುತ್ತಿದ್ದವು.

ಒಂದು ಮನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ, ಉಡುಪಿ ಕಡೆಯವರು, ಸಹೋದ್ಯೋಗಿಯ ತುಳು ಕೇಳಿ ಅರಳಿದರು. ನಲ್ಲಿಗೆ ನೀರು ತರಿಸುವುದೇ ತನ್ನ ಮೊದಲ ಕೆಲಸವೆಂದು ಅವಳು ಹೇಳಿದಳು.

“ಟ್ಯಾಂಕರ್ ನೀರಿನಲ್ಲಿ ಬದುಕಿ ಸಾಕಾಯ್ತು ಮಾರಾಯ್ರೆ. ಊರಿನವರೇ ನಿಂತ ಮೇಲೆ ಬೇರೆ ಯಾರಿಗೆ ಓಟು ಹಾಕುವುದು?” ಎಂದ ಆಕೆ ನನಗೆ ಕುಂಕುಮವಿಟ್ಟರು. ಬಳಿಕ ಸಹೋದ್ಯೋಗಿಯ ಹಣೆಯತ್ತ ಬೆರಳು ಚಾಚುತ್ತ ಹೆಸರು ಕೇಳಿದರು.

“ಫಾತಿಮಾ.”

ಬೆರಳು ಬಟ್ಟಲಿಗೆ ಮರಳಿತು.

“ನಮ್ಮವರು ಯಾರೂ ಸಿಗ್ಲಿಲ್ವಾ ಟೀಚರೇ ನಿಮ್ಗೆ?”

“ಈಗಷ್ಟೇ ಊರಿನವರು ಅಂದಿರಲ್ಲ?” ಎಂದೆ.

“ಊರಿನವರು ಹೌದು. ಓಟು ಬೇರೆ ಅಲ್ವಾ?”

“ಬರ್ತೇನೆ ಅಕ್ಕ” ಎಂದು ಫಾತಿಮಾ ನಗುತ್ತಲೇ ಚಪ್ಪಲಿ ಮೆಟ್ಟಿದಳು. ಹಬ್ಬದ ಉಡುಗೊರೆಯಾಗಿ ಸ್ಟೀಲಿನ ತಂಬಿಗೆ ನನ್ನೊಬ್ಬಳ ಕೈಗೆ ಬಂತು. ಅದನ್ನು ಆ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಇಟ್ಟು ಬಂದೆ.

ಕೊನೆಗೆ ಗೆದ್ದದ್ದು ಆಕೆ ಬಯಸಿದಂಥ ‘ನಮ್ಮವರೇ’. ಆ ಕಟ್ಟಡಕ್ಕೆ ಟ್ಯಾಂಕರ್ ಈಗಲೂ ಬರುತ್ತಿದೆ. ನೀರು ಅಳೆದು ಬಳಸಲು ನಾನು ಬಿಟ್ಟುಬಂದ ತಂಬಿಗೆ ಉಪಯೋಗಕ್ಕೆ ಬರುತ್ತಿರಬೇಕು.