ಇಳಿಜಾರು ದೇವರು ಕೊಟ್ಟ ಎಣ್ಣೆ

ಬೂದಿಕೋಟೆ ಸುತ್ತಮುತ್ತ ಬಚ್ಚಪ್ಪ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಆದರೆ ರೈಲು ಬಚ್ಚಪ್ಪ ಒಬ್ಬನೇ. ಅವನೇನು ರೈಲ್ವೆ ನೌಕರನಲ್ಲ, ಆಟೋ ಓಡಿಸುವವನು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರನ್ನು ಬಂಗಾರಪೇಟೆ ಸ್ಟೇಷನ್ನಿಗೆ ಮುಟ್ಟಿಸುವುದು ಇಪ್ಪತ್ತೇಳು ವರ್ಷದಿಂದ ಅವನ ಕಸುಬು. ಆ ಇಪ್ಪತ್ತೇಳು ವರ್ಷದಲ್ಲಿ ಅವನ ಆಟೋ ಹತ್ತಿದ ಒಬ್ಬರಿಗೂ ರೈಲು ತಪ್ಪಿರಲಿಲ್ಲ.

“ನನ್ನಾಟೋ ಅತ್ತಿದೋರ್ಗೆ ರೈಲು ತಪ್ಪಾಕಿಲ್ಲ” ಎಂದು ಅವನು ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಹೇಳಿ ಬೈಸಿಕೊಂಡಿದ್ದ. ಜಂಬ ಸ್ವಲ್ಪ ಜಾಸ್ತಿಯೇ. ಆದರೆ ಹೇಳಿದಂತೆ ನಡೆಸುವವನ ಜಂಬವನ್ನು ಜನ ಸಹಿಸಿಕೊಳ್ಳುತ್ತಾರೆ.

ಗಾಡಿ ಹೊಡೆಯುವುದು ಅವನಿಗೆ ರಕ್ತದಲ್ಲೇ ಬಂದದ್ದು. ಅಪ್ಪ ಚಿಕ್ಕಮುನಿಯಪ್ಪ ಎತ್ತಿನ ಗಾಡಿಯಲ್ಲಿ ಊರವರ ರಾಗಿಯನ್ನೆಲ್ಲ ಬಂಗಾರಪೇಟೆ ಸಂತೆಗೆ ಸಾಗಿಸುತ್ತಿದ್ದವನು. ಆ ದಾರಿಯಲ್ಲಿ ಗುಂಡುಬಂಡೆ ಎಂಬ ಕಡೆ ರಸ್ತೆ ಎರಡು ಸಲ ತಿರುಗಿ ಸರ್ರನೆ ಇಳಿಯುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಚಿಕ್ಕಮುನಿಯಪ್ಪ ಹಗ್ಗ ಬಿಗಿ ಹಿಡಿದು ಮಗನಿಗೆ ಹೇಳುತ್ತಿದ್ದ: “ಇಳಿಯೋವಾಗ ಎತ್ತಿಗೆ ಕೆಲ್ಸ ಇಲ್ಲ ಅಂದ್ಕಬ್ಯಾಡ. ಆವಾಗ್ಲೇ ಕಣ್ಲಾ ಅವ್ಕೆ ಕೆಲ್ಸ.” ಎತ್ತುಗಳು ಹಿಂಗಾಲು ಊರಿ ಗಾಡಿಯ ಭಾರವನ್ನು ಹೆಗಲ ಮೇಲೆ ತಡೆದುಕೊಂಡು ಇಳಿಸುತ್ತಿದ್ದವು. ಹುಡುಗ ಬಚ್ಚಪ್ಪ ಹೂಂ ಅನ್ನುತ್ತಿದ್ದ, ಮರೆಯುತ್ತಿದ್ದ.

ಆಟೋ ಸ್ಟ್ಯಾಂಡಿನಲ್ಲಿ ಅವನು ಕಲಿತ ಪಾಠ ಇದಕ್ಕೆ ತದ್ವಿರುದ್ಧ. ಇಳಿಜಾರು ಕಂಡ ಕೂಡಲೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕು, ಉರುಳಲು ಬಿಡು, ಬೇಕಾದಷ್ಟು ಬ್ರೇಕ್ ಒತ್ತಿಕೊ, ಪೆಟ್ರೋಲು ಉಳಿಸು. “ಇಳಿಜಾರು ದೇವ್ರು ಕೊಟ್ಟ ಎಣ್ಣೆ” ಎಂಬುದು ಸ್ಟ್ಯಾಂಡಿನವರ ಮಂತ್ರ. ಅದನ್ನು ಬಚ್ಚಪ್ಪನಿಗೆ ಹೇಳಿಕೊಟ್ಟವನು ಚಲಪತಿ, ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಊರನ್ನೆಲ್ಲ ಕಿಚಾಯಿಸುವವನು. ನಿದ್ದೆಗಣ್ಣಲ್ಲಿ ಬಿಟ್ಟರೂ ಗುಂಡುಬಂಡೆ ಬಂದರೆ ಬಚ್ಚಪ್ಪನ ಕೈ ತಾನಾಗಿ ನ್ಯೂಟ್ರಲ್‌ಗೆ ಹೋಗುತ್ತಿತ್ತು.

ಹಳೆಯ ಆಟೋ ಏರು ಬಂದರೆ ಕೆಮ್ಮತೊಡಗಿ, ಅದರ ಹೊಗೆಗೆ ಬಚ್ಚಪ್ಪನೂ ಕೆಮ್ಮತೊಡಗಿದಾಗ, ಅದನ್ನು ಬಿಟ್ಟು ಕರೆಂಟಿನ ಆಟೋ ತಂದ. ಬೂದಿಕೋಟೆ ಸ್ಟ್ಯಾಂಡಿಗೆ ಅದೇ ಮೊದಲನೆಯದು. ಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಎಲ್ಲರೂ ಸುತ್ತ ನಿಂತರು. ಪೂಜಾರಿ “ಸ್ಟಾರ್ಟ್ ಮಾಡಪ್ಪ” ಅಂದರು. ಬಚ್ಚಪ್ಪ “ಮಾಡಿದ್ದೀನಿ ಸ್ವಾಮಿ” ಅಂದ. ಪೂಜಾರಿ ಇನ್ನಷ್ಟು ಹೊತ್ತು ಕಾದು, “ಆಗ್ತಾ ಇಲ್ವಾ?” ಎಂದು ಮೆಲ್ಲಗೆ ಕೇಳಿದರು. ಗಾಡಿ ಸದ್ದಿಲ್ಲದೆ ಮುಂದೆ ಹೋಗಿ ನಿಂಬೆಹಣ್ಣು ಪಚಕ್ ಎಂದಾಗಲೇ ಜನ ನಂಬಿದ್ದು.

ಚಲಪತಿ ಬಿಟ್ಟಾನೆಯೇ? “ಏಮಪ್ಪಾ, ಆಟೋ ತಂದಿದ್ಯೋ ಮಿಕ್ಸಿ ತಂದಿದ್ಯೋ? ಚಟ್ನಿ ರುಬ್ಬಾಕಾದ್ರೂ ಆಗ್ತದಾ?”

ಮೊದಲಿನ ತೊಂದರೆ ಸದ್ದಿನದೇ. ಹಳೆಯ ಆಟೋದ ಬಡಬಡ ಕೇಳಿ ಮನೆಯಿಂದ ಹೊರಡುತ್ತಿದ್ದವರಿಗೆ ಈಗ ಗಾಡಿ ಬಂದದ್ದೇ ತಿಳಿಯದು. ಅರಳಿಮರದ ಬಳಿ ದಿನಾ ಹತ್ತುತ್ತಿದ್ದ ಗಂಗರತ್ನಮ್ಮ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಯಾ. ಹದಿನಾರು ವರ್ಷ ಬಚ್ಚಪ್ಪನ ಆಟೋ ಬಿಟ್ಟು ಬೇರೆ ಹತ್ತಿದವಳಲ್ಲ. ಬೆನ್ನ ಹಿಂದೆ ಗಾಡಿ ಬಂದು ನಿಂತರೆ ಅವಳು ಬೆಚ್ಚಿಬಿದ್ದು, “ಕಳ್ಳ ಬಂದಂಗ್ ಬತ್ತೀಯಲ್ಲೋ!” ಎಂದು ಬೈಯುವಳು. ಬೈದರೂ ಕೂತುಕೊಂಡು, ಸೊಂಟ ಕುಲುಕುವುದಿಲ್ಲವಲ್ಲ ಎಂದು ಸಂತೋಷಪಡುವಳು.

ಎರಡನೇ ತೊಂದರೆ ನಗುವಂಥದ್ದಲ್ಲ. ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್‌ಗೆ ಮೋಸವಿಲ್ಲ ಎಂದು ಕೊಡುವಾಗ ಹೇಳಿದ್ದರು. ಬಚ್ಚಪ್ಪನಿಗೆ ಎಪ್ಪತ್ತು ದಾಟಲು ಪ್ರಾಣಸಂಕಟ. ಇನ್ನೆಷ್ಟು ದೂರ ಓಡಬಹುದು ಎಂದು ತೋರಿಸುವ ಅಂಕಿ ಹ್ಯಾಂಡಲ್ ಮುಂದಿನ ಮೀಟರಿನಲ್ಲಿತ್ತು. ಅದು ಅವನ ಕಣ್ಣೆದುರೇ ಸಂತೆಯ ಸೊಪ್ಪಿನಂತೆ ಬಾಡುತ್ತಿತ್ತು.

ಮಾರ್ಚಿ ತಿಂಗಳ ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಗಿ, ಗಾಡಿ ಅರೆಬರೆ ಚಾರ್ಜ್ ಆಯಿತು. ಬೆಳಗ್ಗೆ ಬಚ್ಚಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ, ಸಾಕು ಎಂದು ಗಂಗರತ್ನಮ್ಮನನ್ನು ಹತ್ತಿಸಿಕೊಂಡು ಹೊರಟ. ಗುಂಡುಬಂಡೆಯ ನೆತ್ತಿಯಲ್ಲಿ ಮೀಟರ್ ಹನ್ನೆರಡು ಎಂದಿತು. ಸ್ಟೇಷನ್ನಿಗೆ ಇನ್ನು ಎಂಟೇ ಕಿಲೋಮೀಟರ್. ಎಂದಿನಂತೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಒತ್ತಿಕೊಂಡು ಇಳಿದ. ಆಮೇಲಿನ ಏರುಗಳಲ್ಲಿ ಅಂಕಿ ದಡದಡನೆ ಬಿತ್ತು. ಸ್ಟೇಷನ್ ಇನ್ನು ಒಂದೂವರೆ ಕಿಲೋಮೀಟರ್ ಇರುವಾಗ ಗಾಡಿ ಸದ್ದಿಲ್ಲದೆ ಬಂದಂತೆಯೇ ಸದ್ದಿಲ್ಲದೆ ನಿಂತಿತು. ಗಂಗರತ್ನಮ್ಮ ಟಿಫನ್ ಬ್ಯಾಗು ಎದೆಗವಚಿಕೊಂಡು ಓಡಿದಳು. ಐವತ್ತು ದಾಟಿದ ಹೆಂಗಸು ಎಷ್ಟು ಓಡಿಯಾಳು? ರೈಲು ಅವಳ ಕಣ್ಣೆದುರೇ ಹೋಯಿತು.

ಅಂದು ಆಸ್ಪತ್ರೆಯಲ್ಲಿ ಮೇಲಿನವರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರಂತೆ. ಮರುದಿನ ಅವಳು ಅರಳಿಮರದ ಕೆಳಗೆ ಬಚ್ಚಪ್ಪನ ಮುಖ ನೋಡಿಯೇ ಹೇಳಿದಳು: “ನಿನ್ ಮಾತ್ ನಂಬಿ ಅದಿನಾರ್ ವರ್ಷ ಕೂತಿದ್ದೆ ಬಚ್ಚಪ್ಪ. ಮಾತೇ ತಪ್ಪೋದ್ಮೇಲೆ ಆಟೋ ಯಾವುದಾದ್ರೇನು?” ಹಾಗೆಂದು ಹಿಂದೆ ಬಂದ ಚಲಪತಿಯ ಆಟೋ ಹತ್ತಿದಳು. ವಾರದೊಳಗೆ ಉಳಿದವರೂ ಅತ್ತಲೇ ಹೋದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಬಚ್ಚಪ್ಪ ಟೀ ಅಂಗಡಿಯಲ್ಲಿ ಬೆನ್ನು ತಿರುಗಿಸಿ ಕೂರತೊಡಗಿದ. ರೈಲು ಬಚ್ಚಪ್ಪ ಎಂದು ಯಾರಾದರೂ ಕರೆದರೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಅವನಿಗೆ ಬೇರೇನೂ ಬೇಡವಾಗಿತ್ತು, ಆ ಮಾತೊಂದು ವಾಪಸ್ ಬೇಕಿತ್ತು.

ಗಾಡಿಯನ್ನು ರಾಬರ್ಟ್‌ಸನ್‌ಪೇಟೆಯ ಸರ್ವೀಸ್ ಅಂಗಡಿಗೆ ಒಯ್ದು ಜಗಳಕ್ಕೆ ನಿಂತ. ಅಲ್ಲಿನ ಮೆಕ್ಯಾನಿಕ್ ಶ್ಯಾಮಲಾ. ತಾತ ಚಿನ್ನದ ಗಣಿಯ ಒಳಗೆ ದುಡಿದವರು, ಈ ಹುಡುಗಿ ಬ್ಯಾಟರಿಯ ಹೊಟ್ಟೆಯೊಳಗೆ ಇಣುಕುವವಳು. ಎಲ್ಲ ಪರೀಕ್ಷಿಸಿ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು: “ಬ್ಯಾಟರಿ ನಲ್ಲಾ ಇದೆ ಅಣ್ಣಾ. ಗಾಡೀಲಿ ಏನೂ ತಪ್ಪಿಲ್ಲ. ನೀವು ಎಪ್ಪಡಿ ಓಡಿಸ್ತೀರಾ ಅಂತ ನೋಡ್ಬೇಕು. ಒಂದ್ ರೌಂಡ್ ನಾನೂ ಬರ್ತೀನಿ.”

“ನೀನ್ ಉಟ್ಟಾಕ್ ಮುಂಚಿಂದ ಆಂಡಲ್ ಇಡ್ದಿರೋ ಕೈ ಕಣಮ್ಮ ಇದು! ನಂಗೆ ಓಡ್ಸೋದು ಕಲಿಸ್ತೀಯಾ?” ಎಂದು ಬಚ್ಚಪ್ಪ ಸಿಡುಕಿ, ಗಾಡಿ ತಿರುಗಿಸಿಕೊಂಡು ಬಂದುಬಿಟ್ಟ.

ಹೆಂಡತಿ ಆದಿಲಕ್ಷ್ಮಿ ಹಸುವಿಗೆ ಹುಲ್ಲು ಹಾಕುತ್ತಾ ಕೇಳಿದಳು, “ಆ ಮಗು ಏನಂತು?”

“ಅದ್ಕೇನ್ ಗೊತ್ತು? ಗಾಡಿನೇ ಸರಿಯಿಲ್ಲ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ” ಎಂದಳು ಆದಿಲಕ್ಷ್ಮಿ, ಹಸುವಿಗೆ ಹೇಳುವಂತೆ.

ಕೊನೆಗೆ ಪಾಠ ಕಲಿಸಿದ್ದೂ ಆ ಹಸುವೇ. ಮರುವಾರ ಅದು ಹಗ್ಗ ಜಗ್ಗಿ ಬಚ್ಚಪ್ಪನ ಎಡಗೈ ಹೆಬ್ಬೆರಳು ಊದಿ ಬದನೆಕಾಯಿಯಾಯಿತು. ಆ ಕೈಯಲ್ಲೇ ಖಾಲಿ ಆಟೋ ಓಡಿಸಿಕೊಂಡು ಗುಂಡುಬಂಡೆಗೆ ಬಂದ. ನ್ಯೂಟ್ರಲ್ ಗುಂಡಿ ಇದ್ದದ್ದು ಎಡಗೈ ಕಡೆ. ಒತ್ತಲು ಹೋದರೆ ಜೀವ ಹೋಗುವಷ್ಟು ನೋವು. ಹಾಳಾಗಲಿ ಎಂದು ಹಾಗೇ ಬಿಟ್ಟು ಬಲಗೈಯ ಆಕ್ಸಿಲರೇಟರ್ ತಿರುವು ಮಾತ್ರ ಸಡಿಲಿಸಿದ. ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಬ್ರೇಕ್ ಮುಟ್ಟದೆಯೇ ವೇಗ ತಗ್ಗಿತು. ಅವನ ಕಣ್ಣು ಮೀಟರಿನ ಮೇಲೆ ಬಿತ್ತು. ಮೂವತ್ತೊಂದು ಇತ್ತು. ಮೂವತ್ತೆರಡಾಯಿತು. ಎರಡನೇ ತಿರುವಿನಲ್ಲಿ ಮೂವತ್ತಮೂರು.

ಮೀಟರೂ ಕೆಟ್ಟಿತು ಎಂದುಕೊಂಡ. ಗಾಡಿ ತಿರುಗಿಸಿ ಮೇಲೆ ಹತ್ತಿ ಮತ್ತೆ ಇಳಿದ. ಮತ್ತೆ ಅಂಕಿ ಏರಿತು. ಮೂರನೇ ಸಲ ಇಳಿಯುವಾಗ, ಹಿಂದಿನಿಂದ ಹಿಡಿದೆಳೆಯುವ ಆ ಭಾರ ಯಾವುದೆಂದು ಅವನಿಗೆ ಥಟ್ಟನೆ ಹೊಳೆಯಿತು. ಹಿಂಗಾಲು ಊರಿದ ಎತ್ತುಗಳು. ಗಾಡಿ ಬದಿಗೆ ನಿಲ್ಲಿಸಿ, “ಅಪ್ಪಯ್ಯಾ” ಎಂದು ಒಬ್ಬನೇ ಜೋರಾಗಿ ನಕ್ಕ. ಕಣ್ಣಲ್ಲಿ ನೀರೂ ಬಂತು.

ಅಲ್ಲಿಂದ ಸೀದಾ ರಾಬರ್ಟ್‌ಸನ್‌ಪೇಟೆಗೆ ಹೋದ. ಶ್ಯಾಮಲಾ ನಗು ತಡೆದುಕೊಂಡು ವಿವರಿಸಿದಳು: “ಇಳಿಯೋವಾಗ ಚಕ್ರಾನೇ ಮೋಟರ್ ತಿರುಗಿಸುತ್ತೆ ಅಣ್ಣಾ. ಮೋಟರ್ ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತೆ. ನ್ಯೂಟ್ರಲ್ ಹಾಕಿದ್ರೆ ಆ ದಾರಿ ಬಂದ್, ಎಲ್ಲಾ ಬ್ರೇಕಲ್ಲಿ ಸುಟ್ಟುಹೋಗುತ್ತೆ. ಏರಲ್ಲೂ ಪೂರ್ತಿ ತಿರುವಬೇಡಿ, ಮೆಲ್ಲಗೆ ಹತ್ತಿಸಿ. ಇದನ್ನ ನೋಡೋಕ್ಕೇ ಅಲ್ವಾ ನಾನು ಬರ್ತೀನಿ ಅಂದಿದ್ದು?”

“ತಪ್ಪಾಯ್ತು ತಾಯಿ” ಎಂದ ಬಚ್ಚಪ್ಪ. ಇಪ್ಪತ್ತೇಳು ವರ್ಷದ ಜಂಬ ಆ ಎರಡು ಮಾತಿನಲ್ಲಿ ಕೆಳಗಿಳಿಯಿತು.

ಹುಟ್ಟುಗುಣ ಸುಟ್ಟರೂ ಹೋಗದು. ಹೆಬ್ಬೆರಳು ವಾಸಿಯಾದ ಮೇಲೂ ಅದು ಗುಂಡಿಯತ್ತ ಓಡುತ್ತಿತ್ತು. ಆದಿಲಕ್ಷ್ಮಿ ಗುಂಡಿಗೆ ಹಳೆಯ ಸೀರೆಯ ಚಿಂದಿ ಕಟ್ಟಿದಳು, ಬಟ್ಟೆ ತಗುಲಿದ ಕೂಡಲೇ ಬುದ್ಧಿ ಬರಲಿ ಎಂದು. ತಿಂಗಳಲ್ಲಿ ಗಾಡಿ ತೊಂಬತ್ತೆಂಟು ಕಿಲೋಮೀಟರ್ ಓಡಿತು. ಆದರೆ ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಚಲಪತಿ, “ಈಗ ಇಳಿಜಾರಲ್ಲಿ ಕರೆಂಟ್ ಕರೀತಾನಂತೆ, ಅಸು ಕೆಚ್ಚಲಲ್ಲಿ ಆಲು ಕರ್ದಂಗೆ” ಎಂದು ಸ್ಟ್ಯಾಂಡನ್ನೆಲ್ಲ ನಗಿಸಿದ. ಗಂಗರತ್ನಮ್ಮ ನಗಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

ಜೂನ್ ತಿಂಗಳಲ್ಲಿ ಮತ್ತೆ ಅಂಥದೇ ಸಂಜೆ ಬಂತು. ಗಾಳಿ, ಮಳೆ, ಕರೆಂಟಿಲ್ಲ. ಬೆಳಗಿನ ಜಾವ ಡೇರಿ ಕಾರ್ಯದರ್ಶಿಯನ್ನು ಬಂಗಾರಪೇಟೆಗೆ ಬಿಟ್ಟು ಬಚ್ಚಪ್ಪ ಖಾಲಿ ಗಾಡಿಯಲ್ಲಿ ಮನೆಗೆ ಹಿಂದಿರುಗುತ್ತಿದ್ದ. ಗುಂಡುಬಂಡೆಯ ನೆತ್ತಿಯಲ್ಲಿ ಚಲಪತಿಯ ಆಟೋ ಅಡ್ಡ ನಿಂತಿತ್ತು, ಕ್ಲಚ್ ವೈರು ಕಿತ್ತು ನೇತಾಡುತ್ತಿತ್ತು. ಪಕ್ಕದಲ್ಲಿ ಗಂಗರತ್ನಮ್ಮ ಟಿಫನ್ ಬ್ಯಾಗು ಅವಚಿಕೊಂಡು ನಿಂತಿದ್ದಳು. ಗಂಟೆ ಆರು ದಾಟಿ ಐದು ನಿಮಿಷ. ರೈಲು ಆರೂವರೆಗೆ. ಹಿಂದೆ ಮುಂದೆ ಬೇರೆ ಗಾಡಿಯ ಸುಳಿವಿಲ್ಲ.

ಬಚ್ಚಪ್ಪ ಗಾಡಿ ತಿರುಗಿಸಿ ನಿಲ್ಲಿಸಿದ. “ಅತ್ತಕ್ಕಾ.”

ಗಂಗರತ್ನಮ್ಮ ಹತ್ತಲಿಲ್ಲ. ಬಗ್ಗಿ ಮೀಟರ್ ನೋಡಿದಳು. “ಅನ್ನೆರಡು” ಎಂದಳು. “ಅವತ್ತೂ ಇಲ್ಲೇ, ಅನ್ನೆರಡೇ ಇತ್ತು.”

ನಿಜ. ಅದೇ ಜಾಗ, ಅದೇ ಅಂಕಿ, ಅದೇ ಎಂಟು ಕಿಲೋಮೀಟರ್. ಇಷ್ಟು ಕಡಿಮೆ ಚಾರ್ಜಿನಲ್ಲಿ, ಜನ ಕೂರಿಸಿಕೊಂಡು, ಬಚ್ಚಪ್ಪ ಆಮೇಲೆ ಒಮ್ಮೆಯೂ ಓಡಿಸಿರಲಿಲ್ಲ. ಇಂದೂ ನಿಂತರೆ ಮುಗಿಯಿತು, ಹ್ಯಾಂಡಲ್ ಮುಟ್ಟುವ ಮುಖವಿರುವುದಿಲ್ಲ. ಆದರೂ ಹೇಳಿದ: “ಅಕ್ಕಾ, ಅವತ್ತು ಗಾಡಿದಲ್ಲ ತಪ್ಪು, ನಂದು. ಇವತ್ತೊಂದ್ ದಿನ ಕೂತ್ಕ.”

ತಪ್ಪು ನಂದು ಎಂಬ ಮಾತು ಬಚ್ಚಪ್ಪನ ಬಾಯಿಂದ ಬಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಹತ್ತಿದಳು. ಹೊಸ ವೈರು ತರಲು ಚಲಪತಿಯೂ ಹತ್ತಿದ.

ಇಳಿಜಾರು ಶುರುವಾಯಿತು. “ನ್ಯೂಟ್ರಲ್‌ಗಾಕೋ!” ಎಂದು ಚಲಪತಿ ಹಿಂದಿನಿಂದ ಅರಚಿದ. “ಇರೋದೇ ಪಾವು ಚಾರ್ಜು, ಆಕ್ಲಾ!” ಬಚ್ಚಪ್ಪನ ಹೆಬ್ಬೆರಳು ಗುಂಡಿಯತ್ತ ಹೋಯಿತು, ಸೀರೆಯ ಚಿಂದಿ ತಗುಲಿತು, ಹಿಂದೆ ಬಂತು. ಅವನು ತಿರುವು ಸಡಿಲಿಸಿ ಕೂತ. ಗಾಡಿ ಹಿಂಗಾಲು ಊರಿತು.

“ಅದಿಮೂರು” ಎಂದಳು ಗಂಗರತ್ನಮ್ಮ, ಅವನ ಹೆಗಲ ಮೇಲಿಂದ ಬಗ್ಗಿ. ಎರಡನೇ ತಿರುವು ದಾಟಿತು. “ಏ ಚಲಪತಿ, ಅದಿನಾಲ್ಕು ಆಯ್ತಲ್ಲೋ!”

ಚಲಪತಿ ತೆಲುಗು ಕನ್ನಡ ಎರಡನ್ನೂ ಒಮ್ಮೆಗೇ ಮರೆತವನಂತೆ ಬಾಯಿ ತೆರೆದು ಕೂತ.

ಏರು ಬಂತು. ಗಂಟೆ ಓಡುತ್ತಿತ್ತು, ಪೂರ್ತಿ ತಿರುವು ಎಂದು ಕೈ ತುರಿಸುತ್ತಿತ್ತು. ಬಚ್ಚಪ್ಪ ಹಲ್ಲು ಕಚ್ಚಿ ಮೆಲ್ಲಗೆ ಹತ್ತಿಸಿದ. ಅಂಕಿ ಇಳಿಯಿತು, ಮುಂದಿನ ತಗ್ಗಿನಲ್ಲಿ ನಿಂತುಕೊಂಡಿತು. ಹಿಂದೆ ಗಾಡಿ ಸತ್ತ ಜಾಗ ಬಂದಾಗ ಮೂವರೂ ಉಸಿರು ಬಿಗಿಹಿಡಿದರು. ಗಾಡಿ ಅದನ್ನು ಲೆಕ್ಕಕ್ಕೇ ಇಡದೆ ದಾಟಿತು. ಚಲಪತಿ ಶಿಳ್ಳೆ ಹೊಡೆದ. ಬಚ್ಚಪ್ಪ ಬೇಕಿಲ್ಲದಿದ್ದರೂ ಉದ್ದಕ್ಕೆ ಹಾರನ್ ಒತ್ತಿ, ತಾನೂ ಕೇಕೆ ಹಾಕಿದ.

ಸ್ಟೇಷನ್ ಮುಂದೆ ನಿಂತಾಗ ಆರು ಗಂಟೆ ಇಪ್ಪತ್ತಮೂರು ನಿಮಿಷ. ರೈಲಿನ್ನೂ ಬಂದಿರಲಿಲ್ಲ. ಗಂಗರತ್ನಮ್ಮ ಇಳಿಯದೆ ಮತ್ತೊಮ್ಮೆ ಮೀಟರ್ ಓದಿದಳು.

“ಇನ್ನೂ ಒಂಬತ್ತೈತೆ.”

ಚಲಪತಿ ಕೆಳಗಿಳಿದು ಚಕ್ರ ನೋಡಿದ, ಗುಂಡಿಗೆ ಕಟ್ಟಿದ ಚಿಂದಿ ನೋಡಿದ. “ಇಷ್ಟ್ ವರ್ಷ ನಾವು ದೇವ್ರು ಕೊಟ್ಟ ಎಣ್ಣೆ ಅಂತಿದ್ವಿ” ಎಂದ ಮೆಲ್ಲಗೆ. “ಇಡ್ಕೊಳ್ಳೋಕೆ ಪಾತ್ರೆ ನಿನ್ ಅತ್ರ ಮಾತ್ರ ಐತೆ. ಇಂಥದ್ದು ಎಲ್ ಸಿಗ್ತದೆ ಅಂತ ನಂಗೂ ತೋರ್ಸಪ್ಪ.”

ಈಗ ಬೂದಿಕೋಟೆ ಸ್ಟ್ಯಾಂಡಿನಲ್ಲಿ ಕರೆಂಟಿನ ಆಟೋಗಳು ಏಳು. ಚಲಪತಿಯದು ಎರಡನೆಯದು. ಏಳರ ಗುಂಡಿಗೂ ಸೀರೆಯ ಚಿಂದಿ ಕಟ್ಟಿದೆ, ಎಲ್ಲವೂ ಆದಿಲಕ್ಷ್ಮಿಯ ಒಂದೇ ಹಳೆಯ ಸೀರೆಯದು. ಶ್ಯಾಮಲಾ ತಿಂಗಳಿಗೊಮ್ಮೆ ಬಂದು ಎಲ್ಲವನ್ನೂ ನೋಡಿಹೋಗುತ್ತಾಳೆ, ಬಚ್ಚಪ್ಪನೇ ಕುರ್ಚಿ ತಂದುಹಾಕುತ್ತಾನೆ.

ಅಂದು ಬೆಳಗ್ಗೆ ಗಂಗರತ್ನಮ್ಮ ಹೊಗಳಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ. ಟಿಫನ್ ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ ಮೆಟ್ಟಿಲು ಹತ್ತಿದಳು. ಅಲ್ಲಿ ಟಿಕೆಟ್ ಸಾಲಿನಲ್ಲಿದ್ದ ಪರಿಚಯದ ಹೆಂಗಸೊಬ್ಬಳು, ಇಷ್ಟು ಬೇಗ ಹೇಗೆ ಬಂದೆ ಎಂದು ಕೇಳಿದಳು.

“ಬಚ್ಚಪ್ಪನಾಟೋದಲ್ಲಿ” ಎಂದಳು ಗಂಗರತ್ನಮ್ಮ, ಕೆಳಗೆ ನಿಂತವನಿಗೂ ಕೇಳುವ ಹಾಗೆ. “ಅದ್ನ ಅತ್ತಿದೋರ್ಗೆ ರೈಲು ತಪ್ಪಾಕಿಲ್ಲ.”