ತೊಡೆಯೋ, ಮೊಣಕಾಲ ಕೆಳಗೋ

ಕುಳ್ಳರು ಎತ್ತರ ಕಾಣುವಂತೆ ಹೊಲಿಯುವುದರಲ್ಲಿ ಪ್ಯಾಂಟ್ ಮಾಸ್ತರರದು ಎತ್ತಿದ ಕೈ. ಅವರು ಮಾತ್ರ ಹೆಂಡತಿಗಿಂತ ಮೂರು ಬೆರಳು ಗಿಡ್ಡ. ಹನ್ನೊಂದು ವರ್ಷದ ಸಂಸಾರದಲ್ಲಿ ಇಬ್ಬರೂ ನಿಂತು ತೆಗೆಸಿಕೊಂಡ ಫೋಟೊ ಒಂದೂ ಇಲ್ಲ. ಇರುವುದೆಲ್ಲ ಕುರ್ಚಿಯ ಮೇಲೆ ಕೂತವೇ.

ಕಾಲಿನ ಮೂಳೆ ಕತ್ತರಿಸಿ, ದಿನಕ್ಕೊಂದು ಮಿಲಿಮೀಟರಿನಂತೆ ಎಳೆದು ಉದ್ದ ಮಾಡುತ್ತಾರೆಂದು ಕೇಳಿದ್ದೇ ತಡ, ಮಾಸ್ತರರಿಗೆ ಅದೇ ಗುಂಗು ಹಿಡಿಯಿತು. ಮನೆಯಲ್ಲಿ ತುಟಿ ಬಿಚ್ಚದೆ ಡಾಕ್ಟರ ಬಳಿ ಹೋದರು.

"ತೊಡೆ ಮೂಳೆನೋ, ಮೊಣಕಾಲ ಕೆಳಗಿನದೋ, ಯೋಚನೆ ಮಾಡಿ ಸೋಮವಾರ ಹೇಳಿ," ಎಂದರು ಡಾಕ್ಟರು. "ತೊಡೆಯದು ಬೇಗ ಕೂಡುತ್ತೆ, ಆದ್ರೆ ಮಂಡಿ ಮಡಿಸೋದು ಕಷ್ಟ ಆಗಬಹುದು. ಕೆಳಗಿನದು ನಿಧಾನ. ಹಿಮ್ಮಡಿ ಬಿಗಿದು ಪಾದ ನೆಟ್ಟಗೆ ಊರದೇ ಇರಬಹುದು."

ಬೇರೆಯವರಾಗಿದ್ದರೆ ಹತ್ತು ಜನರನ್ನು ಕೇಳುತ್ತಿದ್ದರು. ಮಾಸ್ತರರು ಬಟ್ಟೆಯನ್ನೇ ಕೇಳಿದರು. ತಮ್ಮದೇ ಸೊಂಟದಳತೆಗೆ ಎರಡು ಪ್ಯಾಂಟು ಹೊಲಿದರು. ಉದ್ದ ಮಾತ್ರ ಎರಡೂವರೆ ಇಂಚು ಹೆಚ್ಚು. ಕೆಳಗಿನ ಮೂಳೆ ಬೆಳೆದರೆ ಎಂದು ಒಂದರಲ್ಲಿ ಮಂಡಿಯ ಗುರುತು ಇದ್ದಲ್ಲೇ, ತೊಡೆ ಬೆಳೆದರೆ ಎಂದು ಇನ್ನೊಂದರಲ್ಲಿ ಅಷ್ಟೇ ಕೆಳಗೆ. ಮೇಜಿನ ಮೇಲೆ ಹಾಸಿ ನೋಡಿದರೆ, ಮಂಡಿಯ ಕೆಳಗೆ ನೀಳವಾಗಿದ್ದದ್ದೇ ಚೆಂದ. ಆದರೆ ಹೊಲಿಗೆ ಯಂತ್ರ ತುಳಿಯಬೇಕಾದ್ದು ಪಾದ. ಅತ್ತ ದರಿ, ಇತ್ತ ಪುಲಿ. ಆ ಚಿಂತೆಯಲ್ಲೇ ಎರಡನ್ನೂ ರೂಢಿಯಂತೆ ಕೈಹೊಲಿಗೆಯ ಬುಟ್ಟಿಗೆ ಹಾಕಿಬಿಟ್ಟರು.

ಆ ಬುಟ್ಟಿ ಹೆಂಡತಿಯದು. ಮರುದಿನ ನೋಡಿದರೆ ಎರಡರ ಅಂಚೂ ಕತ್ತರಿಸಿ, ಮಡಿಸಿ, ಹೊಲಿದು, ಇಸ್ತ್ರಿಯೂ ಆಗಿತ್ತು.

"ಅಯ್ಯೋ, ಏನೇ ಮಾಡಿದೆ!"

"ಸೊಂಟ ನಿಮ್ದು, ಉದ್ದ ನಿಮ್ದಲ್ಲ. ಗುರುತು ಹಾಕೋವಾಗ ಕೈ ತಪ್ಪಿರಬೇಕು ಅಂದ್ಕೊಂಡೆ. ನಿಮ್ಮ ಕಾಲಳತೆಗೆ ನಂಗೆ ಟೇಪ್ ಬೇಕಾ?"

ಮಾಸ್ತರರು ಕೂತು ಎಲ್ಲವನ್ನೂ ಹೇಳಿದರು. ಅವಳು ಅವರ ಮೊಣಕಾಲ ಕೆಳಗೆ ಕೈಯಿಟ್ಟಳು.

"ನಿಮಗೇ ಬೇಕು ಅಂದ್ರೆ ಮಾಡಿಸ್ಕೊಳ್ಳಿ, ಹಿಡ್ಕೊಂಡು ನಡೆಸ್ತೀನಿ. ನನಗೋಸ್ಕರ ಅಂದ್ರೆ ಬೇಡ. ನೀವು ನೊಂದ್ಕೋತೀರ ಅಂತ ಇಷ್ಟು ವರ್ಷ ಚಪ್ಪಟೆ ಚಪ್ಪಲಿ ಹಾಕಿದೀನಿ. ಹೀಲ್ಸ್ ಅಂದ್ರೆ ನಂಗೆ ಪ್ರಾಣ. ಒಂದು ದಿನ ಕೇಳಿದೀರಾ?"

ಕೇಳಿರಲಿಲ್ಲ. ಊರವರ ಅಳತೆಯೆಲ್ಲ ಬಾಯಿಪಾಠ, ಹೆಂಡತಿಯ ಪಾದದಳತೆ ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಮಾಸ್ತರರಿಗೆ ನಾಚಿಕೆಯಾಯಿತು.

ಸೋಮವಾರ ಡಾಕ್ಟರಿಗೆ ಫೋನ್ ಮಾಡಿ "ಎರಡೂ ಬೇಡ" ಎಂದರು. ಆಮೇಲೆ ನೆಲದ ಮೇಲೆ ಕಾಗದ ಹಾಸಿ, ಹೆಂಡತಿಯನ್ನು ನಿಲ್ಲಿಸಿ, ಮಂಡಿಯೂರಿ ಅವಳ ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆದರು.

"ಹೀಲ್ಸ್ ಎಷ್ಟು ಎತ್ತರ ಇರಲಿ?"

ಅವಳು ನಾಲ್ಕು ಬೆರಳು ತೋರಿಸಿದಳು.

ಮಾಸ್ತರರು ಮನಸ್ಸಿನಲ್ಲೇ ಮೂರಕ್ಕೆ ನಾಲ್ಕು ಕೂಡಿಸಿ ನೋಡಿ, ನಾಲ್ಕೆಂದೇ ಬರೆದುಕೊಂಡರು.