ಫ್ಯಾನ್ ನಿಲ್ಲುವುದರೊಳಗೆ

೨೦೧೨ರ ಏಪ್ರಿಲ್ ೮, ಭಾನುವಾರ, ಬೆಳಿಗ್ಗೆ ೧೦.೨೦. ಕಾಮೋಠೆಯ ಟ್ಯೂಷನ್ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನನ್ನ ಲೆಕ್ಕ ಅರ್ಧಕ್ಕೇ ನಿಂತಿತು. ಮರುದಿನ ಗಣಿತದ ಪರೀಕ್ಷೆ. ಹಿಂದಿನ ಮೂರರಲ್ಲೂ ಫೇಲಾಗಿದ್ದೆ. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ ನಮ್ಮ ಮೇಷ್ಟ್ರು ಎದ್ದು ಫ್ಯಾನ್ ಆರಿಸಿದರು.

“ಸರ್, ಇವಳು ಮುಗಿಸುವಾಗ ನಾವೆಲ್ಲ ಇಡ್ಲಿ ಆಗ್ತೇವೆ,” ಎಂದ ಹೋಟೆಲಿನವರ ಮಗ.

“ಚುಪ್ ಬೈಠ್ ಮಾರಾಯ,” ಎಂದು ಅವನಿಗೆ ಹೇಳಿ ಮೇಷ್ಟ್ರು ನನ್ನತ್ತ ತಿರುಗಿದರು. ಅಂಗೈಯನ್ನು ಮೆಲ್ಲಗೆ ಮೇಜಿಗಿಳಿಸುತ್ತ, “ಇಂಜಿನ್ ನಿಂತ್ರೂ ರೆಕ್ಕೆ ತಿರುಗ್ತದೆ. ಅಷ್ಟರಲ್ಲಿ ಇಳೀಲಿಕ್ಕೆ ಜಾಗ ಹುಡುಕು,” ಎಂದರು. ನನ್ನ ಡೈರಿಯ ಪ್ರಕಾರ ಆ ವರ್ಷ ಅವರು ಈ ಮಾತು ಹೇಳಿದ್ದು ಇದು ಮೂವತ್ತೊಂದನೇ ಸಲ.

ಉತ್ತರ ಬಂದಾಗ ಫ್ಯಾನ್ ಇನ್ನೂ ತಿರುಗುತ್ತಿತ್ತು. ಮೇಷ್ಟ್ರು ಗಡಿಯಾರ ನೋಡಿ, “ನಲವತ್ತೆರಡು ಸೆಕೆಂಡ್. ಒಳ್ಳೆ ಲ್ಯಾಂಡಿಂಗ್,” ಎಂದರು. ಮರುದಿನದ ಪರೀಕ್ಷೆಯಲ್ಲಿ ನಾನು ಪಾಸಾದೆ.

ಮೇಷ್ಟ್ರು ಕಾಮೋಠೆ ಬಿಟ್ಟ ಮೇಲೆ ಎಲ್ಲಿ ಪಾಠ ಹೇಳಿದರೋ ತಿಳಿಯದು. ನಿಮಗೂ ಅವರು ಫ್ಯಾನ್ ಆರಿಸಿದ್ದರೆ, ಎಷ್ಟು ಸೆಕೆಂಡಿನಲ್ಲಿ ಇಳಿದಿರಿ ಎಂದು ಬರೆಯಿರಿ.